ಉಳಿದವರ ಔದಾರ್ಯ

‘ನಿಸ್ವಾರ್ಥ’ ಎನ್ನುವ ಪದವನ್ನು ನಾವು ಹೆಚ್ಚಾಗಿ ತೀರಿಕೊಂಡವರಿಗೆ ಬಳಸುತ್ತೇವೆ. ಬದುಕಿರುವವರಿಗೆ ಬಳಸಲು ಅಳುಕು. ನಾಳೆ ಅವರು ಏನು ಮಾಡಿಯಾರೋ ಯಾರಿಗೆ ಗೊತ್ತು! ನನ್ನ ಪಿಎಚ್.ಡಿ. ಕೆಲಸ 19ನೇ ಶತಮಾನದ ಮಿಷನರಿ ಬರಹಗಳ ಮೇಲೆ. ಹಾಗಾಗಿ ಪಾದ್ರಿಗಳ ಜೀವನಚರಿತ್ರೆಗಳನ್ನು ಒಂದರ ಮೇಲೊಂದು ಓದುವುದು ನನ್ನ ಪಾಲಿಗೆ ದಿನನಿತ್ಯದ ದುಡಿಮೆ. ಹತ್ತು ಓದುವಷ್ಟರಲ್ಲಿ ಎಲ್ಲರೂ ಒಬ್ಬರೇ ಅನ್ನಿಸತೊಡಗುತ್ತದೆ. ಎಲ್ಲರೂ ತಮ್ಮನ್ನು ತಾವು ಮರೆತವರು, ಕೋಪವೇ ಬಾರದವರು, ನಗುನಗುತ್ತಾ ಕಷ್ಟ ಉಂಡವರು. ಆ ಪುಟಗಳಲ್ಲಿ ಸೇವೆ ಇದೆ, ಸೇವೆ ಮಾಡಿದ ಮನುಷ್ಯ ಮಾತ್ರ ಕಾಣೆಯಾಗಿದ್ದಾನೆ.

ಹೀಗೆ ಕಾಣೆಯಾಗುವುದೇ ಆದರ್ಶ ಎಂದು ವಾದಿಸುವುದೂ ಸಾಧ್ಯ. ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡು ಸೇವಕನ ರೂಪ ತಾಳಿದ ಮಾತು ಬರುತ್ತದೆ. ಈ ಬರಿದಾಗುವಿಕೆಗೆ ದೇವತಾಶಾಸ್ತ್ರದವರು ‘ಕೆನೋಸಿಸ್’ ಎಂಬ ಗ್ರೀಕ್ ಹೆಸರನ್ನಿಟ್ಟು ಶತಮಾನಗಳಿಂದ ಚರ್ಚಿಸುತ್ತಿದ್ದಾರೆ. ಕ್ರೈಸ್ತ ಸಭೆಯ ನಾಯಕನೂ ಹೀಗೇ ಬರಿದಾಗಬೇಕು ಎಂಬ ನಿರೀಕ್ಷೆ ಹುಟ್ಟುವುದು ಇಲ್ಲಿಂದಲೇ. ಆದರೆ ಬರಿದಾದ ಮೇಲೆ ಕೊಡುವವರು ಯಾರು? ಇಂಗ್ಲಿಷಿನ ‘ಸೆಲ್ಫ್‌ಲೆಸ್’ ಪದವನ್ನು ಬಿಡಿಸಿದರೆ ‘ಸ್ವ’ವೇ ಇಲ್ಲ ಎಂದಾಗುತ್ತದೆ. ನಾವು ಬಳಸುವ ‘ನಿಸ್ವಾರ್ಥ’ ಅಷ್ಟು ದೂರ ಹೋಗುವುದಿಲ್ಲ. ಅದು ಇಲ್ಲ ಎನ್ನುವುದು ಸ್ವಾರ್ಥವನ್ನು, ಸ್ವವನ್ನಲ್ಲ. ‘ದಾಸೋಹ’ದ ಮೂಲದಲ್ಲಿರುವ ‘ದಾಸೋಹಂ’ನಲ್ಲಿಯೂ ‘ನಾನು’ ಅಳಿದಿಲ್ಲ, ದಾಸನಾಗಿ ನಿಂತಿದೆ. ಇದು ಬರೀ ಪದಗಳ ಆಟವಲ್ಲ ಎಂದು ನನಗೆ ಅನ್ನಿಸಿದ್ದು ಮೊಲೊಕಾಯಿ ದ್ವೀಪದ ಫಾದರ್ ಡೇಮಿಯನ್ ಅವರ ಬಗ್ಗೆ ಓದುವಾಗ.

ಅವರ ಕಥೆಯ ಹೊರಗೆರೆ ಅನೇಕರಿಗೆ ಗೊತ್ತಿರಬಹುದು. ಹವಾಯಿ ಆಗ ಸ್ವತಂತ್ರ ರಾಜ್ಯ. ಹೊರಗಿನವರ ಜೊತೆ ಬಂದ ರೋಗಗಳಿಂದ ಅಲ್ಲಿಯ ಮೂಲನಿವಾಸಿಗಳ ಸಂಖ್ಯೆ ಕುಸಿಯುತ್ತಿದ್ದ ಕಾಲ. 1865ರಲ್ಲಿ ದೊರೆ ಐದನೇ ಕಮೇಹಮೇಹನ ಸರ್ಕಾರ ಕುಷ್ಠರೋಗಿಗಳನ್ನು ಬೇರ್ಪಡಿಸುವ ಕಾನೂನು ತಂದಿತು. ಜಾಗವನ್ನೂ ಹುಡುಕಿತು: ಮೊಲೊಕಾಯಿಯ ಉತ್ತರಕ್ಕೆ ನಾಲಿಗೆಯಂತೆ ಚಾಚಿದ ನೆಲ. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಗೋಡೆಯಂತೆ ಎದ್ದು ನಿಂತ ಬೆಟ್ಟ. 1866ರ ಜನವರಿಯಲ್ಲಿ ಮೊದಲ ತಂಡವನ್ನು ಅಲ್ಲಿಯ ಕಲಾವಾವೊ ಎಂಬಲ್ಲಿ ಇಳಿಸಲಾಯಿತು. ಪ್ರತ್ಯೇಕಿಸುವ ಕಾನೂನು ಕೊನೆಗೊಂಡದ್ದು 1969ರಲ್ಲಿ. ಅಷ್ಟರಲ್ಲಿ ಸುಮಾರು 8,000 ಜನ ಅಲ್ಲಿಗೆ ಹೋಗಿದ್ದರು. ಹವಾಯಿಯ ಜನ ಈ ರೋಗಕ್ಕೆ ‘ಅಗಲಿಸುವ ಕಾಯಿಲೆ’ ಎಂಬ ಅರ್ಥದ ಹೆಸರನ್ನೇ ಕೊಟ್ಟುಕೊಂಡಿದ್ದರು. ಹುಣ್ಣಿಗಿಂತ ಅಗಲಿಕೆಯೇ ಅವರಿಗೆ ರೋಗದ ಮುಖ್ಯ ಲಕ್ಷಣವಾಗಿ ಕಂಡಿತ್ತು.

ಡೇಮಿಯನ್ ಬೆಲ್ಜಿಯಂನ ಟ್ರೆಮೆಲೊ ಎಂಬ ಊರಿನ ರೈತ ಕುಟುಂಬದವರು. 1840ರಲ್ಲಿ ಹುಟ್ಟಿದರು, ಮೊದಲ ಹೆಸರು ಯೋಸೆಫ್ ಡಿ ವ್ಯೂಸ್ಟರ್. ಹವಾಯಿಗೆ ಹೊರಡಬೇಕಿದ್ದವರು ಅದೇ ಸಂಘದಲ್ಲಿದ್ದ ಅವರ ಅಣ್ಣ. ಅಣ್ಣನಿಗೆ ಟೈಫಸ್ ಬಂದಾಗ, ಇನ್ನೂ ದೀಕ್ಷೆಯಾಗದ ತಮ್ಮ ತಾನು ಹೋಗುತ್ತೇನೆಂದು ಮೇಲಿನವರಿಗೆ ನೇರವಾಗಿ ಪತ್ರ ಬರೆದು ಅನುಮತಿ ಪಡೆದರು. ಸ್ಥಳೀಯ ಹಿರಿಯರನ್ನು ದಾಟಿ ಬರೆದ ಪತ್ರ ಅದು. ಸ್ವಭಾವ ಇಲ್ಲಿಯೇ ಕಾಣುತ್ತದೆ. 1864ರಲ್ಲಿ ಹೊನೊಲುಲು ತಲುಪಿ ಅಲ್ಲಿಯೇ ಗುರುದೀಕ್ಷೆ ಪಡೆದರು. 1873ರ ಮೇ 10ರಂದು ಕಲಾವಾವೊಗೆ ಬಂದಿಳಿದಾಗ ವಯಸ್ಸು 33. ಬಿಷಪ್ಪರ ಮೂಲ ಯೋಜನೆಯಂತೆ ನಾಲ್ವರು ಗುರುಗಳು ಸರದಿಯ ಮೇಲೆ ಬಂದುಹೋಗಬೇಕಿತ್ತು. ಮೊದಲ ಸರದಿಯವರು ಹಿಂದಿರುಗಲೇ ಇಲ್ಲ.

ಅವರು ಅಲ್ಲಿ ಮಾಡಿದ ಕೆಲಸಗಳ ಪಟ್ಟಿ ಎಲ್ಲ ಪುಸ್ತಕಗಳಲ್ಲೂ ಇದೆ. ಹುಣ್ಣಿಗೆ ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ನೀರಿಗೆ ಕೊಳವೆ ಹಾಕಿಸಿದರು, ಶವಪೆಟ್ಟಿಗೆಗಳನ್ನು ತಾವೇ ಬಡಿದು ಗುಂಡಿ ತೋಡಿ ಹೂಳಿದರು, ಅನಾಥ ಮಕ್ಕಳಿಗೆ ಆಸರೆ ಮಾಡಿದರು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಜಜ್ಜಿ ಮಾಡುವ ‘ಪೊಯ್’ ಅಲ್ಲಿನವರ ಊಟ. ಒಂದೇ ಬಟ್ಟಲಿಗೆ ಎಲ್ಲರೂ ಬೆರಳದ್ದಿ ತಿನ್ನುವುದು ರೂಢಿ. ಡೇಮಿಯನ್ ಆ ಬಟ್ಟಲಿಗೆ ತಮ್ಮ ಬೆರಳನ್ನೂ ಅದ್ದಿದರು. ಈ ಒಂದು ಸಂಗತಿಯ ಹತ್ತಿರ ಮತ್ತೆ ಬರಬೇಕಾಗುತ್ತದೆ.

ಈ ಮನುಷ್ಯನಲ್ಲಿ ‘ಸ್ವ’ ಇರಲಿಲ್ಲ ಎಂದು ಯಾರೂ ಹೇಳಲಾರರು. ಹಟಮಾರಿ, ಮುಂಗೋಪಿ. ಸಹಾಯಕ್ಕೆ ಬಂದ ಗುರುಗಳ ಜೊತೆ ಹೊಂದಿಕೆಯಾಗಲಿಲ್ಲ. ಆರೋಗ್ಯ ಮಂಡಳಿಯವರಿಗೆ ಹಲಗೆ ಬೇಕು, ಬಟ್ಟೆ ಬೇಕು, ಔಷಧಿ ಬೇಕು ಎಂದು ಬಿಡದೆ ಕಾಟ ಕೊಡುತ್ತಿದ್ದರು. ಅವರ ಹೆಸರು ಯುರೋಪಿನ ಪತ್ರಿಕೆಗಳಲ್ಲಿ ಬಂದು ಹಣ ಹರಿದಾಗ ಹೊನೊಲುಲುವಿನ ಹಿರಿಯರಿಗೆ ಅದು ಇರುಸುಮುರುಸಾಯಿತು. ಅವರು ತೀರಿಕೊಂಡ ಮೇಲೆ ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿ ಚಾರ್ಲ್ಸ್ ಹೈಡ್ ತಮ್ಮ ಸಹೋದ್ಯೋಗಿಯೊಬ್ಬರಿಗೆ ಬರೆದ ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಡೇಮಿಯನ್ ಒರಟ, ಕೊಳಕ, ಹಟಮಾರಿ, ಹೆಂಗಸರ ವಿಷಯದಲ್ಲಿ ಶುದ್ಧನಲ್ಲ ಎಂಬುದು ಅದರ ಸಾರ. ಡೇಮಿಯನ್ ತೀರಿಕೊಂಡ ಕೆಲವೇ ವಾರಗಳಿಗೆ ಮೊಲೊಕಾಯಿಗೆ ಹೋಗಿ ಒಂದು ವಾರದಷ್ಟು ಕಾಲ ಇದ್ದು ಬಂದಿದ್ದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಇದನ್ನು ಓದಿ ಸಿಟ್ಟಿಗೆದ್ದು 1890ರ ಫೆಬ್ರವರಿಯಲ್ಲಿ ಸಿಡ್ನಿಯಿಂದ ಹೈಡ್‌ಗೆ ಬಹಿರಂಗ ಪತ್ರ ಬರೆದ. ಸ್ಟೀವನ್‌ಸನ್ ಸ್ವತಃ ಪ್ರಾಟೆಸ್ಟಂಟ್ ಮನೆತನದವನು.

ಆ ಪತ್ರದಲ್ಲಿ ನನಗೆ ಹಿಡಿಸಿದ್ದು ಸಿಟ್ಟಲ್ಲ, ಸ್ಟೀವನ್‌ಸನ್ ಒಪ್ಪಿಕೊಳ್ಳುವ ಸಂಗತಿಗಳು. ಒರಟುತನವನ್ನು ಒಪ್ಪುತ್ತಾನೆ. ಹಟವನ್ನು ಒಪ್ಪಿ, ಆ ಹಟ ಇದ್ದದ್ದೇ ಒಳ್ಳೆಯದಾಯಿತು ಎನ್ನುತ್ತಾನೆ. ಶೀಲದ ಮೇಲಿನ ಆರೋಪವನ್ನು ಮಾತ್ರ ತಿರಸ್ಕರಿಸುತ್ತಾನೆ. ಹೈಡ್ ಮತ್ತು ಭಕ್ತ ಜೀವನಚರಿತ್ರೆಕಾರರು ಇಬ್ಬರೂ ನಿಜಕ್ಕೂ ಒಂದೇ ಮಾತನ್ನು ನಂಬಿದವರು: ಸಂತನಾದವನಲ್ಲಿ ‘ನಾನು’ ಇರಬಾರದು. ಒಬ್ಬರು ‘ನಾನು’ ಇತ್ತು ಎಂದು ತೋರಿಸಿ ಸಂತತನವನ್ನು ಕಿತ್ತುಕೊಳ್ಳಲು ನೋಡಿದರು, ಇನ್ನೊಬ್ಬರು ಸಂತತನ ಉಳಿಸಲು ‘ನಾನು’ವನ್ನು ಅಳಿಸಿದರು. ಸ್ಟೀವನ್‌ಸನ್ ಎರಡನ್ನೂ ಒಟ್ಟಿಗೆ ಇರಗೊಟ್ಟ. ನಯವಾದ, ಎಲ್ಲರ ಮಾತಿಗೂ ತಲೆಯಾಡಿಸುವ ಗುರುವೊಬ್ಬ ಕಲಾವಾವೊಗೆ ಬಂದಿದ್ದರೆ ಅಲ್ಲಿಯ ಮನೆಗಳಿಗೆ ಹಲಗೆ ಬರುತ್ತಿತ್ತೇ? ನನಗೆ ಅನುಮಾನ. ಸ್ವಾರ್ಥವನ್ನು ಕಳಚಿಟ್ಟ ‘ಸ್ವ’ಕ್ಕೆ ಬೇರೆಯವರ ಪರವಾಗಿ ಹಟ ಹಿಡಿಯುವ ಸವಲತ್ತು ಸಿಗುತ್ತದೆ. ತನಗಾಗಿ ಕೇಳುವವನಿಗೆ ಸಂಕೋಚ ಇರುತ್ತದೆ, ಡೇಮಿಯನ್‌ಗೆ ಅದು ಬೇಕಿರಲಿಲ್ಲ.

ಹಾಗಾದರೆ ಅವರು ನಿಜವಾಗಿ ಕೊಟ್ಟದ್ದೇನು? ಪಟ್ಟಿ ಕಟ್ಟುವ ಕೈ, ಮರಗೆಲಸ ಇವೆಲ್ಲ ಸರಿ. ಆದರೆ ಕೂಲಿ ಕೊಟ್ಟರೆ ಇವನ್ನು ಮಾಡುವವರೂ ಸಿಗಬಹುದಿತ್ತು. 1873ರ ಒಂದು ಘಟನೆಯನ್ನು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ಡೇಮಿಯನ್ ಹೊರಗೆ ಹೋಗಿಬರುವುದನ್ನು ಆರೋಗ್ಯ ಮಂಡಳಿ ತಡೆದಿತ್ತು. ಗುರುವಾದವನೂ ಇನ್ನೊಬ್ಬ ಗುರುವಿನ ಬಳಿ ಪಾಪನಿವೇದನೆ ಮಾಡಬೇಕು, ಅದು ಕ್ಯಾಥೊಲಿಕ್ ನಿಯಮ. ಅವರ ಮೇಲಧಿಕಾರಿ ಇದ್ದ ಹಡಗು ಆ ದಾರಿಯಲ್ಲಿ ಬಂದಾಗ ಕ್ಯಾಪ್ಟನ್ ಅವರನ್ನು ಇಳಿಯಗೊಡಲಿಲ್ಲ, ಡೇಮಿಯನ್ ಅವರನ್ನು ಹತ್ತಗೊಡಲೂ ಇಲ್ಲ. ಡೇಮಿಯನ್ ಸಣ್ಣ ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಕತ್ತೆತ್ತಿ, ಫ್ರೆಂಚಿನಲ್ಲಿ ತಮ್ಮ ಪಾಪಗಳನ್ನು ಕೂಗಿ ಹೇಳಿದರು. ಕೇಳಿಸಿಕೊಂಡವರಲ್ಲಿ ಯಾರಿಗೆಲ್ಲ ಫ್ರೆಂಚ್ ಬರುತ್ತಿತ್ತೋ. ಜನರ ಗುಟ್ಟುಗಳನ್ನು ಪರದೆಯ ಹಿಂದೆ ಕೇಳಿ ಕಾಪಾಡುವ ಅಧಿಕಾರ ಗುರುವಿನದು. ಅಂಥವನಿಗೆ ತನ್ನದೇ ಗುಟ್ಟಿಗೆ ಒಂದು ಪರದೆ ಇಲ್ಲದಾಯಿತು.

ಅವರು ಕೊಟ್ಟದ್ದು ಇದನ್ನು ಎಂದು ನನ್ನ ತಿಳಿವಳಿಕೆ: ವಾಪಸ್ ಹೋಗುವ ದಾರಿಯನ್ನು. ಯೋಹಾನನ ಸುವಾರ್ತೆಯಲ್ಲಿ ಒಳ್ಳೆಯ ಕುರುಬನಿಗೂ ಕೂಲಿಯಾಳಿಗೂ ಇರುವ ವ್ಯತ್ಯಾಸ ಪ್ರೀತಿಯ ಪ್ರಮಾಣದಲ್ಲಿ ಇಲ್ಲ. ತೋಳ ಬಂದಾಗ ಕೂಲಿಯಾಳು ಓಡುತ್ತಾನೆ, ಅಷ್ಟೇ. ಅಲ್ಲಿಯವರೆಗೆ ಇಬ್ಬರೂ ಒಂದೇ ಬಗೆಯಲ್ಲಿ ಕುರಿ ಮೇಯಿಸುತ್ತಿದ್ದಿರಬಹುದು. ಕಲಾವಾವೊದ ರೋಗಿಗಳು ಡೇಮಿಯನ್‌ಗಿಂತ ಮೊದಲೂ ದಯೆಯನ್ನು ಕಂಡವರೇ. ಆದರೆ ಆ ದಯೆ ಹಡಗಿನಲ್ಲಿ ಬಂದು ಹಡಗಿನಲ್ಲೇ ಹೋಗುತ್ತಿತ್ತು.

ಇಲ್ಲಿಂದ ಮುಂದೆ ವಿಷಯ ಜಟಿಲವಾಗುತ್ತದೆ. ಹನ್ನೊಂದು ವರ್ಷಗಳ ನಂತರ, 1884ರ ಕೊನೆಯಲ್ಲಿ, ಬಿಸಿನೀರು ತಗುಲಿ ಕಾಲು ಬೊಬ್ಬೆ ಎದ್ದರೂ ಡೇಮಿಯನ್‌ಗೆ ನೋವಾಗಲಿಲ್ಲ. ರೋಗ ಅಂಟಿತ್ತು. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಜಗತ್ತು ಅವರ ಕಡೆ ಪೂರ್ತಿಯಾಗಿ ತಿರುಗಿದ್ದು ಈ ಕೊನೆಯ ವರ್ಷಗಳಲ್ಲಿ. ಹವಾಯಿ ಶಾಸನಸಭೆಯ ಮುಂದೆ ನಿಂತಿರುವ, ಶಿಲ್ಪಿ ಮರಿಸೋಲ್ ಮಾಡಿದ ಪ್ರತಿಮೆಯಲ್ಲೂ ಕಾಣುವುದು ಊದಿಕೊಂಡ, ಗಾಯಗೊಂಡ ಮುಖವೇ. ಆರೋಗ್ಯವಂತ ಡೇಮಿಯನ್ ಹನ್ನೊಂದು ವರ್ಷ ಮಾಡಿದ್ದಕ್ಕಿಂತ ರೋಗಿ ಡೇಮಿಯನ್ ನಮಗೆ ದೊಡ್ಡವರು. ನಾವು ಔದಾರ್ಯವನ್ನು ಅಳೆಯುವುದು ಕೊಟ್ಟವನಿಗೆ ಆದ ಗಾಯದಿಂದ. ಈ ಅಳತೆಗೋಲು ನನಗೆ ಭಯ ಹುಟ್ಟಿಸುತ್ತದೆ. ಪ್ರತಿ ಮಠ, ಪ್ರತಿ ಸಭೆ, ಪ್ರತಿ ಸಂಘಟನೆಯಲ್ಲೂ ನಿದ್ದೆಗೆಟ್ಟು ಆರೋಗ್ಯ ಕೆಡಿಸಿಕೊಂಡವರನ್ನು ಹೊಗಳಿ, ಹೊತ್ತಿಗೆ ಸರಿಯಾಗಿ ಉಂಡು ಮಲಗಿ ಅದೇ ಕೆಲಸವನ್ನು ಮೂವತ್ತು ವರ್ಷ ಮಾಡಿದವರನ್ನು ಮರೆಯುವುದು ಇದರಿಂದಲೇ.

ಮೂವತ್ತು ವರ್ಷ ಎಂದದ್ದು ಸುಮ್ಮನೆ ಅಲ್ಲ. 1883ರಲ್ಲಿ ಹವಾಯಿಯ ಕರೆಗೆ ಓಗೊಟ್ಟು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಿಂದ ಆರು ಜನ ಸಿಸ್ಟರ್‌ಗಳ ಜೊತೆ ಬಂದವರು ಮದರ್ ಮೇರಿಯಾನ್ ಕೋಪ್. ಆಸ್ಪತ್ರೆಯ ಆಡಳಿತ ನಡೆಸಿ ಪಳಗಿದವರು. 1888ರ ನವೆಂಬರ್‌ನಲ್ಲಿ, ಡೇಮಿಯನ್ ಸಾವಿಗೆ ಹತ್ತಿರವಾಗಿದ್ದಾಗ, ಕಲೌಪಾಪಕ್ಕೆ ಬಂದರು. 1918ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಅವರಿಗೂ ರೋಗ ಬರಲಿಲ್ಲ, ಅವರ ಸಿಸ್ಟರ್‌ಗಳಲ್ಲಿ ಯಾರಿಗೂ ಬರಲಿಲ್ಲ. ಕೈ ತೊಳೆಯುವ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಪೊಯ್ ಬಟ್ಟಲಿಗೆ ಬೆರಳದ್ದುವ ಕ್ರಮ ಅವರಲ್ಲಿ ಇರಲಿಲ್ಲ. ಆದರೆ ಹೆಣ್ಣುಮಕ್ಕಳಿಗೆ ಬಟ್ಟೆ ಹೊಲಿಸಿದರು, ಬಂಜರು ನೆಲದಲ್ಲಿ ಹೂವು, ಹಣ್ಣಿನ ಗಿಡ ನೆಡಿಸಿದರು. ಆ ಹುಡುಗಿಯರ ಜೊತೆ ಕ್ರೋಕೆ ಆಡಿ ಹೋದ ಸ್ಟೀವನ್‌ಸನ್ ಆಮೇಲೆ ಅವರಿಗೊಂದು ಪಿಯಾನೊ ಕಳಿಸಿದ. ಮೇರಿಯಾನ್ ಪರವಾಗಿ ಯಾರೂ ಬಹಿರಂಗ ಪತ್ರ ಬರೆಯಬೇಕಾಗಿ ಬರಲಿಲ್ಲ.

ಹನ್ನೆರಡನೆಯ ಶತಮಾನದ ಕ್ಲೇರ್ವೋದ ಬರ್ನಾರ್ಡ್ ತನ್ನ ಪ್ರವಚನವೊಂದರಲ್ಲಿ, ಬುದ್ಧಿವಂತನಾದವನು ಕಾಲುವೆಯಂತಿರದೆ ಕೆರೆಯಂತಿರಬೇಕು ಎಂಬ ಅರ್ಥದ ಮಾತಾಡುತ್ತಾನೆ. ಕಾಲುವೆ ಬಂದ ನೀರನ್ನು ಬಂದ ಹಾಗೆಯೇ ಸಾಗಹಾಕಿ ಒಣಗಿ ನಿಲ್ಲುತ್ತದೆ. ಕೆರೆ ತುಂಬುವವರೆಗೆ ಕಾದು, ತುಂಬಿದ ಮೇಲೆ ಹರಿಯಬಿಡುತ್ತದೆ. ಕೆರೆ ಕೋಡಿ ಬೀಳುವುದನ್ನು ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರ್ನಾರ್ಡ್‌ನ ಲೆಕ್ಕದಲ್ಲಿ ಮೇರಿಯಾನ್ ಕೆರೆ. ಡೇಮಿಯನ್ ಸತ್ತ ಮರುವರ್ಷ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದ ಜರ್ಮನ್ ಜೆಸುಯಿಟ್ ಫಾದರ್ ಅಗಸ್ಟಸ್ ಮುಲ್ಲರ್ ಕೂಡ ಅದೇ ಜಾತಿಯವರು. 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧಿ ಕೊಡುವುದರಿಂದ ಶುರುಮಾಡಿ ಆಸ್ಪತ್ರೆ ಬೆಳೆಸಿ, 1910ರಲ್ಲಿ ತೀರಿಕೊಂಡರು. ಇವತ್ತು ಕರಾವಳಿಯಲ್ಲಿ ‘ಫಾದರ್ ಮುಲ್ಲರ್ಸ್’ ಎಂದರೆ ಥಟ್ಟನೆ ನೆನಪಾಗುವುದು ಆಸ್ಪತ್ರೆ, ಆ ಮನುಷ್ಯನಲ್ಲ. ಕೊಡುವವನು ಕೊಡುಗೆಯೊಳಗೆ ಕರಗುವ ರೀತಿ ಇದೂ ಒಂದು.

ಇಷ್ಟಾದ ಮೇಲೆ ಮೇರಿಯಾನ್ ಸರಿ, ಡೇಮಿಯನ್ ಅಜಾಗರೂಕ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಅದನ್ನು ಆ ಬಟ್ಟಲು ತಡೆಯುತ್ತದೆ. ಡೇಮಿಯನ್ ಬಂದ 1873ರಲ್ಲೇ ನಾರ್ವೆಯ ಹ್ಯಾನ್ಸೆನ್ ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು. ನೂರರಲ್ಲಿ ಸುಮಾರು 95 ಜನಕ್ಕೆ ಈ ರೋಗ ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಎಂಬುದು ಈಗ ಗೊತ್ತು. ಆಗ ಇದು ಯಾರಿಗೂ ತಿಳಿದಿರಲಿಲ್ಲ. ಔಷಧಿಯನ್ನು ದೂರದಲ್ಲಿಟ್ಟು ಹೋಗುವ ವೈದ್ಯರನ್ನು ಕಂಡ ಜನ ಅವರು. ಪೊಯ್ ಬಟ್ಟಲಿನ ಸುತ್ತ ಕೂತವರಲ್ಲಿ ಒಬ್ಬ ಬೆರಳು ಹಿಂದೆಗೆದರೆ ಅದು ಉಳಿದವರಿಗೆ ಏನು ಹೇಳುತ್ತದೆ ಎಂಬುದನ್ನು ಜಾತಿಯ ಪಂಕ್ತಿಗಳನ್ನು ಕಂಡ ನಮಗೆ ಯಾರೂ ಕಲಿಸಬೇಕಾಗಿಲ್ಲ. ಶುಚಿಯ ಹೆಸರಿನಲ್ಲಿ ದೂರವಿಡುವುದಕ್ಕೂ ಆರೋಗ್ಯಕ್ಕಾಗಿ ಕೈ ತೊಳೆಯುವುದಕ್ಕೂ ವ್ಯತ್ಯಾಸ ಇದೆ ಎಂದು ದೂರವಿಡಲ್ಪಟ್ಟವರಿಗೆ ನಂಬಿಸುವುದು ಹೇಗೆ? ಬಹುಶಃ ಮೊದಲು ಯಾರೋ ಒಬ್ಬರು ಬೆರಳದ್ದಿದ್ದರಿಂದಲೇ ಮೇರಿಯಾನ್ ಅವರ ತೊಳೆದ ಕೈ ಆ ಜನಕ್ಕೆ ಅವಮಾನವಾಗಿ ಕಾಣಲಿಲ್ಲವೇನೋ. ಇದಕ್ಕೆ ನನ್ನ ಬಳಿ ಪುರಾವೆ ಇಲ್ಲ, ಹಾಗೆ ಊಹಿಸುತ್ತೇನೆ.

ಇನ್ನೊಂದು ವಿಷಯ ಈ ಇಬ್ಬರಿಗಿಂತಲೂ ನನ್ನನ್ನು ಹೆಚ್ಚು ಕಾಡಿದೆ. ಹವಾಯಿ ಭಾಷೆಯಲ್ಲಿ ‘ಕೋಕುವಾ’ ಎಂದರೆ ನೆರವು, ನೆರವು ನೀಡುವವನು. ರೋಗವಿಲ್ಲದೆ, ಯಾವ ಕಾನೂನಿನ ಬಲವಂತವೂ ಇಲ್ಲದೆ ಗಂಡನ, ಹೆಂಡತಿಯ, ಮಗುವಿನ ಜೊತೆ ಆ ನೆಲಕ್ಕೆ ಹೋದವರಿಗೂ ಇದೇ ಹೆಸರು. ಡೇಮಿಯನ್‌ಗಿಂತ ಮೊದಲೇ ಅವರು ಅಲ್ಲಿದ್ದರು. ಡೇಮಿಯನ್ ಬರುವ ಏಳು ವರ್ಷ ಮೊದಲು, 1866ರಲ್ಲಿ, 35 ಜನ ರೋಗಿಗಳೇ ಸೇರಿ ಸಿಲೋವಾಮಾ ಎಂಬ ಪ್ರಾಟೆಸ್ಟಂಟ್ ಸಭೆಯನ್ನು ಕಟ್ಟಿಕೊಂಡಿದ್ದರು. ಬಿಳಿಯ ಗುರು ಬರುವವರೆಗೆ ಅಲ್ಲಿ ಬರೀ ಕತ್ತಲೆ ಎಂದು ಬರೆದವರು ಇವರನ್ನು ನೋಡಲಿಲ್ಲ.

1873ರಲ್ಲೇ ಅಲ್ಲಿಗೆ ಬಂದ ಇನ್ನೊಬ್ಬರು ಜೊನಾಥನ್ ನಾಪೇಲ. ಹವಾಯಿಯವರೇ, ನ್ಯಾಯಾಧೀಶರಾಗಿದ್ದವರು, ಮಾರ್ಮನ್ ಸಭೆಯ ಧರ್ಮಗ್ರಂಥವನ್ನು ಹವಾಯಿ ಭಾಷೆಗೆ ತರಲು ನೆರವಾದವರು. ರೋಗ ಬಂದದ್ದು ಅವರ ಹೆಂಡತಿ ಕಿಟಿಗೆ. ಕೋಕುವಾ ಆಗಿ ಅಲ್ಲಿಯೇ ಇರಲು ಅನುಮತಿ ಕೇಳಿ ಅವರು ಆರೋಗ್ಯ ಮಂಡಳಿಗೆ ಪತ್ರ ಬರೆದರು. ಮದುವೆಯಲ್ಲಿ ಕೊಟ್ಟ ಮಾತೇ ಅದರಲ್ಲಿ ಅವರು ಕೊಟ್ಟ ಕಾರಣ. ಅಲ್ಲಿ ತಮ್ಮ ಸಭೆಯ ಜನರನ್ನು ಮುನ್ನಡೆಸಿದರು. ಡೇಮಿಯನ್ ಮತ್ತು ನಾಪೇಲ, ಪಂಥಗಳ ಜಗಳವಿದ್ದ ಕಾಲದಲ್ಲೂ, ಸ್ನೇಹಿತರಾಗಿದ್ದರು. ನಾಪೇಲ ಅವರಿಗೂ ರೋಗ ಅಂಟಿತು, 1879ರಲ್ಲಿ ತೀರಿಕೊಂಡರು. ಕೆಲವೇ ವಾರಗಳ ಅಂತರದಲ್ಲಿ ಕಿಟಿಯೂ.

ಒಂದೇ ನೆಲ, ಒಂದೇ ವರ್ಷ, ಅದೇ ರೋಗ, ಅದೇ ರೀತಿ ವಾಪಸ್ ಹೋಗದೆ ಉಳಿದದ್ದು. ಒಬ್ಬರ ಹೆಸರು ಜಗತ್ತಿಗೆಲ್ಲ ಗೊತ್ತು. ಗಂಡ ಹೆಂಡತಿಯ ಜೊತೆ ಹೋದದ್ದು ಕರ್ತವ್ಯ, ಗುರು ಅಪರಿಚಿತರ ಬಳಿ ಹೋದದ್ದು ಔದಾರ್ಯ ಎಂದು ಉತ್ತರ ಕೊಡಬಹುದು. ಆ ಉತ್ತರ ನನಗೆ ಸಾಲುವುದಿಲ್ಲ. ನಮ್ಮ ಅಜ್ಜಿ ಹಾಸಿಗೆ ಹಿಡಿದ ನಾಲ್ಕು ವರ್ಷ ಅವರ ಮೈ ಒರೆಸಿ, ಮಗ್ಗುಲು ಬದಲಿಸಿ, ರಾತ್ರಿ ಮೂರು ಸಲ ಏಳುತ್ತಿದ್ದವಳು ಸೊಸೆಯಾಗಿದ್ದ ನನ್ನ ಅಮ್ಮ. ಯಾರೂ ಅದನ್ನು ನಿಸ್ವಾರ್ಥ ಸೇವೆ ಎಂದು ಕರೆಯಲಿಲ್ಲ, ಅಮ್ಮನೂ ಕರೆದುಕೊಳ್ಳಲಿಲ್ಲ. ಆ ವರ್ಷಗಳಲ್ಲಿ ಒಮ್ಮೆ ಬಂದು ಅಜ್ಜಿಯ ಕೈ ಹಿಡಿದು ಹತ್ತು ನಿಮಿಷ ಕೂತು ಹೋದ ಹಿರಿಯರೊಬ್ಬರ ದೊಡ್ಡ ಮನಸ್ಸನ್ನು ಮಾತ್ರ ಊರು ಈಗಲೂ ನೆನೆಯುತ್ತದೆ. ಬಿಟ್ಟುಹೋಗುವ ಸ್ವಾತಂತ್ರ್ಯ ಇದ್ದವರು ಉಳಿದರೆ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಆ ಸ್ವಾತಂತ್ರ್ಯ ಇದೆ ಎಂದು ನಾವು ಎಂದೂ ಒಪ್ಪದವರು ಉಳಿದರೆ ಬೀಳುವುದಿಲ್ಲ. ಧಾರ್ಮಿಕ ನಾಯಕರ ತ್ಯಾಗದ ಬಗ್ಗೆ ಬರೆಯುವಾಗ ಈ ಎರಡನೆಯವರು ನನ್ನ ಪುಟದ ಅಂಚಿನಲ್ಲಿ ನಿಂತೇ ಇರುತ್ತಾರೆ. ‘ನಾವು ಕುಷ್ಠರೋಗಿಗಳು’ ಎಂದು ಡೇಮಿಯನ್ ತಮ್ಮನ್ನೂ ಸೇರಿಸಿ ಮಾತಾಡುತ್ತಿದ್ದರಂತೆ. ಆ ‘ನಾವು’ ಎಂಬುದರ ಒಳಗೆ ಅದಾಗಲೇ ಬಹಳ ಜನ ಕೂತಿದ್ದರು. ಡೇಮಿಯನ್ ಹೋಗಿ ಅವರ ಪಕ್ಕ ಕೂತರು. ಅವರಿಗೆ ಇದು ಗೊತ್ತಿತ್ತು ಎಂದೇ ನನ್ನ ನಂಬಿಕೆ, ಗೊತ್ತಿಲ್ಲದ್ದು ಅವರ ಬಗ್ಗೆ ಬರೆದವರಿಗೆ.

ಕೇದಗೆಯ ಜಾತಿಗೆ ಸೇರಿದ ಒಂದು ಮರದ ಕೆಳಗೆ ಡೇಮಿಯನ್ ಕಲಾವಾವೊದಲ್ಲಿ ಮೊದಲ ರಾತ್ರಿಗಳನ್ನು ಕಳೆದಿದ್ದರು. ಅಲ್ಲಿಯೇ ಹೂಳಬೇಕೆಂದು ಕೇಳಿಕೊಂಡಿದ್ದರು, ಹೂಳಲಾಯಿತು. 1936ರಲ್ಲಿ ಬೆಲ್ಜಿಯಂ ಸರ್ಕಾರದ ಕೋರಿಕೆಯ ಮೇರೆಗೆ ದೇಹವನ್ನು ಅಗೆದು ತೆಗೆದು ಲೂವೆನ್‌ಗೆ ಸಾಗಿಸಿದರು. ಕಲೌಪಾಪದ ರೋಗಿಗಳಿಗೆ ಇದರಿಂದ ತುಂಬ ನೋವಾಯಿತು. ಅವರು ಆಗಲೂ ಆ ನೆಲ ಬಿಟ್ಟು ಹೋಗುವಂತಿರಲಿಲ್ಲ. 2009ರಲ್ಲಿ ರೋಮ್ ಡೇಮಿಯನ್ ಅವರನ್ನು ಸಂತರೆಂದು ಘೋಷಿಸಿತು, 2012ರಲ್ಲಿ ಮೇರಿಯಾನ್ ಅವರನ್ನು. ಅದಕ್ಕೂ ಮೊದಲು, 1995ರಲ್ಲಿ, ಡೇಮಿಯನ್ ಅವರ ಬಲಗೈಯೊಂದನ್ನು ಬೆಲ್ಜಿಯಂನಿಂದ ತಂದು ಹಳೆಯ ಗುಂಡಿಯಲ್ಲೇ ಮತ್ತೆ ಹೂತರು.